ಟೀನೇಜ್ ಮಕ್ಕಳಿಗೆ ಐತಿಹಾಸಿಕ ಕಾದಂಬರಿ ಬರೀಬೇಕಾ? ಈಸೂರಿಗೆ ಹೋಗಿ

ಹದಿನಾರು ಹದಿನೇಳರ ಮಕ್ಕಳಿಗೆ ಐತಿಹಾಸಿಕ ಕಾದಂಬರಿ ಅಂದ ತಕ್ಷಣ ಎಲ್ರೂ ಒಬ್ಬ ರಾಜನ್ನ ಹುಡುಕ್ತಾರೆ. ಬಿಡಿ ಅದನ್ನ. ಹುಡುಗರ ಕೈಗೇ ಅಧಿಕಾರ ಬಂದ ಘಳಿಗೆ ಹುಡುಕಿ.

1942, ಶಿಕಾರಿಪುರ ತಾಲೂಕಿನ ಈಸೂರು. ಕ್ವಿಟ್ ಇಂಡಿಯಾ ಕಾವಲ್ಲಿ ಊರೋರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರ್ಸಿ ನಾವಿನ್ನು ಸ್ವತಂತ್ರರು ಅಂದ್ರು, ಜಯಣ್ಣ ಅನ್ನೋ ಹುಡುಗನ್ನ ಅಮಲ್ದಾರ (ಅಂದ್ರೆ ಈಗಿನ ತಹಶೀಲ್ದಾರ), ಮಲ್ಲಪ್ಪ ಅನ್ನೋನನ್ನ ಸಬ್ ಇನ್ಸ್‌ಪೆಕ್ಟರ್ ಮಾಡಿದ್ರು. ಸೆಪ್ಟೆಂಬರ್ ಕೊನೇಲಿ ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಬಂದಾಗ ಗಲಾಟೆ ಆಗಿ ಆ ಇಬ್ರು ಅಧಿಕಾರಿಗಳೂ ಸತ್ರು. 1943ರ ಮಾರ್ಚಲ್ಲಿ ಊರಿನ ಐದು ಜನಕ್ಕೆ ಗಲ್ಲು.

ಕಥೆ ಇರೋದು ಆ ಆಟಕ್ಕೂ ಹೆಣಕ್ಕೂ ನಡುವೆ. ಆದ್ರೆ ಜಯಣ್ಣನ ತಲೆಯೊಳಗೆ ನುಗ್ಬೇಡಿ, ನಿಜವಾಗ್ಲೂ ಬದುಕಿದ್ದ ಮನುಷ್ಯ ಅವ್ರು, ಅವ್ರ ಬಾಯಿಗೆ ನಿಮ್ಮ ಡೈಲಾಗ್ ತುರುಕೋದು ಸರಿಯಲ್ಲ. ನಿಮ್ದೇ ಒಂದು ಪಾತ್ರ ಕಟ್ಟಿ: ಯಾವ ಪದವೀನೂ ಸಿಗದೆ ಒಳಗೊಳಗೇ ಹೊಟ್ಟೆ ಉರ್ಕೊಂಡ ಹುಡುಗ, ಇಲ್ಲಾ ಈ ಆಟಕ್ಕೇ ಸೇರ್ಸದೆ ನೀರು ತರೋಕೆ ಕಳ್ಸಿದ ಹುಡುಗಿ. ನಂಗೆ ಹುಡುಗೀನೇ ಇಷ್ಟ, ಯಾಕಂದ್ರೆ ಈ ಕೇಸಲ್ಲಿ ಹೆಂಗಸರಿಗೂ ಶಿಕ್ಷೆ ಆಯ್ತು, ಹಾಗಾಗಿ ದೂರ ನಿಂತು ನೋಡ್ತಿದ್ದೋಳಿಗೂ ಭಯ ತನ್ನ ಮನೆ ಬಾಗಿಲಿಗೇ ಬರುತ್ತೆ.

ಒಂದು ಕಡೆ ತುಂಬಾ ಜನ ಎಡವ್ತಾರೆ, ಬಿಳಿ ಸಾಹೇಬ ಕುದುರೆ ಮೇಲೆ ಬಂದ ಅಂತ ಬರ್ದುಬಿಡ್ತಾರೆ. ಈಸೂರು ಮೈಸೂರು ಸಂಸ್ಥಾನದ್ದು, ಅಮಲ್ದಾರರು ಪೊಲೀಸರು ಎಲ್ಲಾ ಮಹಾರಾಜರ ಸರ್ಕಾರದೋರು, ಕನ್ನಡ ಮಾತಾಡೋರು. ಸತ್ತೋನು ನಮ್ಮಂಥೋನೇ ಅಂತ ಗೊತ್ತಾದಾಗ ಹುಡುಗಿಗೆ ಏನಾಗುತ್ತೆ? ಆ ಚಾಪ್ಟರ್‌ಗೆ ಜಾಸ್ತಿ ಪುಟ ಕೊಡಿ. ಸಾವನ್ನ ಮುಚ್ಚಿಡ್ಬೇಡಿ, ಈ ವಯಸ್ಸಿನೋರು ತಡ್ಕೋತಾರೆ, ಆದ್ರೆ ರಕ್ತದ ವರ್ಣನೆ ಒಂದೆರಡು ಸಾಲಲ್ಲಿ ಮುಗ್ಸಿ ಆಮೇಲಿನ ರಾತ್ರಿ ಬಗ್ಗೆ ಬರೀರಿ, ಯಾರು ಮನೆ ಬಿಟ್ಟು ಓಡಿದ್ರು, ಯಾರು ಯಾರ ಹೆಸರು ಹೇಳ್ಬಹುದು ಅನ್ನೋ ಅನುಮಾನ, ಅಪ್ಪ ಮಗಳ ಮುಖ ನೋಡದೇ ಇರೋದು.

ಸಣ್ಣಪುಟ್ಟದ್ದು ಚೆಕ್ ಮಾಡ್ಕೊಳ್ಳಿ: ರೂಪಾಯಿಗೆ ಹದಿನಾರಾಣೆ, ಮಹಾಯುದ್ಧದ ಕಾಲ. ಭಾಷೆ ಶಿಕಾರಿಪುರ ಕಡೇದೇ ಇರ್ಲಿ, ಬೆಂಗಳೂರು ಕನ್ನಡ ಬೇಡ.

1947ರ ಆಗಸ್ಟ್ ತನಕ ಎಳೀಬೇಡಿ, ಗಲ್ಲಿನ ಸುದ್ದಿ ಊರು ಮುಟ್ಟಿದ ದಿನಕ್ಕೇ ಕಥೆ ನಿಲ್ಸಿ. ಕೊನೇಲಿ ಒಂದು ಪುಟದಲ್ಲಿ ಯಾವ್ದು ನಡೆದದ್ದು, ಯಾವ್ದು ನೀವು ಕಟ್ಟಿದ್ದು ಅಂತ ಬರೆದಿಡಿ, ಇಲ್ಲಾಂದ್ರೆ ಓದಿದ ಹುಡುಗ್ರು ಅದನ್ನೇ ಇತಿಹಾಸ ಅಂತ ಪರೀಕ್ಷೇಲಿ ಬರ್ದು ಬರ್ತಾರೆ.