ವಂಶವೃಕ್ಷದ ಸಾಫ್ಟ್‌ವೇರ್ ‘ಮೆಮೊರಿ ಸಾಲದು’ ಅಂದಾಗ ನಾನು ಏನೇನು ನೋಡಿದೆ

ನನ್ನ ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದೆ. ನಮ್ಮ ಮನೆತನದ ಫೈಲ್ ನೋಡಿದರೆ ಕೆಲವೇ ಎಂಬಿ. ಆದರೂ ದೊಡ್ಡ ಚಾರ್ಟ್ ತೆಗೆಯಲು ಹೋದಾಗಲೆಲ್ಲ ‘ಔಟ್ ಆಫ್ ಮೆಮೊರಿ’ ಅಂತ ಬಂದು ಸಾಫ್ಟ್‌ವೇರ್ ಮುಚ್ಚಿಕೊಳ್ಳುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಮಾತು, ರ‍್ಯಾಮ್ ಜಾಸ್ತಿ ಹಾಕಿಸಿ ಅಂತ. ನಾನು ಹಾಕಿಸಲಿಲ್ಲ. ಆ ಸಂದೇಶ ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ರ‍್ಯಾಮ್ ಖಾಲಿಯೇ ಇರುತ್ತಿತ್ತು. ಖಾಲಿ ಇದ್ದೂ ಸಾಲದು ಅಂದರೆ ಗಂಟು ಬೇರೆಲ್ಲೋ ಇದೆ, ಅಲ್ವಾ?

ಕೈ ಹಾಕುವ ಮೊದಲು ಎರಡು ಪ್ರತಿ ತೆಗೆದಿಟ್ಟೆ. ಒಂದು ಜೆಡ್‌ಕಾಮ್ ಫೈಲ್ (ವಂಶವೃಕ್ಷದ ಮಾಹಿತಿಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಾಗಿಸುವ ಸಾಮಾನ್ಯ ರೂಪ), ಇನ್ನೊಂದು ಚಿತ್ರಗಳ ಫೋಲ್ಡರ್. ಸಾಮಾನ್ಯ ಜೆಡ್‌ಕಾಮ್‌ನಲ್ಲಿ ಹೆಸರು, ತಾರೀಖು, ಸಂಬಂಧದಂಥ ಬರಹ ಮಾತ್ರ ಇರುತ್ತದೆ. ಚಿತ್ರ ಎಲ್ಲಿದೆ ಅನ್ನುವ ವಿಳಾಸ ಇರುತ್ತದೆಯೇ ಹೊರತು ಚಿತ್ರ ಇರುವುದಿಲ್ಲ. ಅದಕ್ಕೇ ಎರಡೂ ಬೇಕು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದೆ. ಡೀಟೇಲ್ಸ್ ಪುಟದಲ್ಲಿ ಕಾಲಂನ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೊಸ ಕಾಲಂ ಸೇರಿಸಬಹುದು. ‘ಪ್ಲಾಟ್‌ಫಾರ್ಮ್’ (ಪ್ರೋಗ್ರಾಂ 32-ಬಿಟ್ ಅಥವಾ 64-ಬಿಟ್ ಅನ್ನುವುದು), ‘ಕಮಿಟ್ ಸೈಜ್’ (ಅದು ತನಗೆಂದು ಕಾಯ್ದಿರಿಸಿಕೊಂಡ ಮೆಮೊರಿ), ‘ಜಿಡಿಐ ಆಬ್ಜೆಕ್ಟ್ಸ್’ (ಪರದೆಯ ಮೇಲೆ ಬರೆಯಲು ಬಳಸುವ ಪೆನ್ನು, ಕುಂಚ, ಫಾಂಟ್‌ನಂಥ ವಸ್ತುಗಳು), ಈ ಮೂರನ್ನು ಸೇರಿಸಿಕೊಂಡೆ. ಪ್ಲಾಟ್‌ಫಾರ್ಮ್ ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು: 32-ಬಿಟ್.

ವಿಂಡೋಸ್‌ನಲ್ಲಿ 32-ಬಿಟ್ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವುದು 2 ಜಿಬಿ ಜಾಗ ಅಷ್ಟೇ. ಬರೆದವರು ಅದಕ್ಕೆ ತಕ್ಕ ಹಾಗೆ ಗುರುತು ಹಾಕಿದ್ದರೆ 64-ಬಿಟ್ ವಿಂಡೋಸ್ ಮೇಲೆ 4 ಜಿಬಿವರೆಗೆ ಸಿಗುತ್ತದೆ. ಮಿಕ್ಕ ರ‍್ಯಾಮ್ ಎಷ್ಟೇ ಇರಲಿ, ಅದಕ್ಕೆ ಕಾಣುವುದೇ ಇಲ್ಲ. 64 ಜಿಬಿ ಹಾಕಿಸಿದ್ದರೂ ನನಗೆ ಅದೇ ಸಂದೇಶ ಬರುತ್ತಿತ್ತು. ಇನ್ನೊಂದು ವಿಷಯ, ಪೂರ್ತಿ 2 ಜಿಬಿ ತುಂಬುವವರೆಗೂ ಅದು ಕಾಯುವುದಿಲ್ಲ. ದೊಡ್ಡ ಚಿತ್ರಕ್ಕೆ ಒಂದೇ ಕಡೆ ಸಾಲಾಗಿ ಜಾಗ ಬೇಕು, ಮಧ್ಯೆ ಚೂರುಚೂರಾಗಿ ಖಾಲಿ ಇದ್ದರೆ ಪ್ರಯೋಜನ ಇಲ್ಲ. ಹಾಗಾಗಿ ಕಮಿಟ್ ಸೈಜ್ 2 ಜಿಬಿ ಮುಟ್ಟುವ ಮೊದಲೇ ಪ್ರೋಗ್ರಾಂ ಕೈಚೆಲ್ಲುತ್ತದೆ. ನಿಮ್ಮ ಸಾಫ್ಟ್‌ವೇರಿಗೆ 64-ಬಿಟ್ ಆವೃತ್ತಿ ಇದ್ದರೆ ಮೊದಲು ಅದನ್ನು ಹಾಕಿಕೊಳ್ಳಿ. ನನ್ನದಕ್ಕೆ ಇರಲಿಲ್ಲ.

ಆದರೆ ಇಷ್ಟು ಚಿಕ್ಕ ಫೈಲ್ ಅಷ್ಟು ಜಾಗ ತಿನ್ನುವುದು ಹೇಗೆ? ಮೊದಲ ಅನುಮಾನ ಚಿತ್ರಗಳ ಮೇಲೆ. ಒಂದು ಫೋಟೊ ಡಿಸ್ಕ್‌ನಲ್ಲಿ 5 ಎಂಬಿ ಇದ್ದರೆ ಮೆಮೊರಿಯಲ್ಲೂ 5 ಎಂಬಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಜೆಪೆಗ್ ಒತ್ತಿಟ್ಟ ರೂಪ, ತೆರೆದಾಗ ಪ್ರತಿ ಪಿಕ್ಸೆಲ್‌ಗೂ ಸಾಮಾನ್ಯವಾಗಿ 4 ಬೈಟ್ ಬೇಕು. 6000 ಗುಣಿಸು 4000 ಪಿಕ್ಸೆಲ್‌ನ ಫೋಟೊ ಅಂದರೆ 96 ಎಂಬಿ. ಎ4 ಹಾಳೆಯನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದ್ದರೆ ಸುಮಾರು 139 ಎಂಬಿ. ಅಂಥ ಹದಿನೈದು ಪತ್ರಗಳನ್ನು ಸಾಫ್ಟ್‌ವೇರ್ ಒಟ್ಟಿಗೆ ತೆರೆದರೆ 2 ಜಿಬಿ ಮುಗಿದೇ ಹೋಯಿತು. ಪರದೆಯ ಮೇಲೆ ಹೆಬ್ಬೆರಳಿನಷ್ಟು ಚಿತ್ರ ತೋರಿಸಲೂ ಕೆಲವು ಸಾಫ್ಟ್‌ವೇರ್‌ಗಳು ಪೂರ್ತಿ ಚಿತ್ರವನ್ನೇ ಎತ್ತಿಕೊಳ್ಳುತ್ತವೆ, ಇದೊಂದು ನನಗೆ ಈಗಲೂ ಸಿಟ್ಟು ಬರಿಸುವ ಸಂಗತಿ.

ಜೆಪೆಗ್ ಗುಣಮಟ್ಟ ಇಳಿಸಿ ಫೈಲನ್ನು ಚಿಕ್ಕದು ಮಾಡಿದರೆ ಇಲ್ಲಿ ಏನೂ ಲಾಭ ಇಲ್ಲ. ಪಿಕ್ಸೆಲ್ ಇಳಿಯಬೇಕು. ನಾನು ಮೂಲ ಸ್ಕ್ಯಾನ್‌ಗಳನ್ನು ಮುಟ್ಟದೆ ಬೇರೆ ಫೋಲ್ಡರಿಗೆ ಸಾಗಿಸಿದೆ. ಎಲ್ಲದಕ್ಕೂ ಉದ್ದದ ಬದಿ 1600 ಪಿಕ್ಸೆಲ್ ಇರುವ ಪ್ರತಿ ಮಾಡಿ, ಅದೇ ಹೆಸರಿನಲ್ಲಿ ಹಳೆಯ ಜಾಗಕ್ಕೆ ಹಾಕಿದೆ. ಹೆಸರು ಬದಲಾಗದ ಕಾರಣ ಒಂದು ಕೊಂಡಿಯೂ ತಪ್ಪಲಿಲ್ಲ. 96 ಎಂಬಿ ತಿನ್ನುತ್ತಿದ್ದ ಫೋಟೊ ಈಗ 7 ಎಂಬಿ ಒಳಗೇ ಮುಗಿಯುತ್ತದೆ. ಪುಟ ತಿರುಗಿಸುವುದು, ವರದಿ ತೆಗೆಯುವುದು ಎಲ್ಲ ಸಲೀಸಾಯಿತು.

ಚಾರ್ಟ್ ಮಾತ್ರ ಜಗ್ಗಲಿಲ್ಲ.

ಚಾರ್ಟಿನ ಲೆಕ್ಕವೇ ಬೇರೆ. 3 ಮೀಟರ್ ಅಗಲ, 1 ಮೀಟರ್ ಎತ್ತರದ ಹಾಳೆಯನ್ನು 300 ಡಿಪಿಐ ಚಿತ್ರವಾಗಿ ತೆಗೆಯುತ್ತೇನೆ ಅಂದರೆ ಸುಮಾರು 42 ಕೋಟಿ ಪಿಕ್ಸೆಲ್, ಅಂದರೆ 1.67 ಜಿಬಿ. ಒಂದೇ ಚಿತ್ರಕ್ಕೆ! 150 ಡಿಪಿಐಗೆ ಇಳಿಸಿದರೆ ಅದರ ಕಾಲುಭಾಗ ಸಾಕು. ಇನ್ನೂ ಒಳ್ಳೆಯದು ಅಂದರೆ ಪಿಡಿಎಫ್ ಅಥವಾ ಎಸ್‌ವಿಜಿಯಾಗಿ ತೆಗೆಯುವುದು. ಅಲ್ಲಿ ಗೆರೆ ಮತ್ತು ಅಕ್ಷರಗಳ ಸೂಚನೆ ಮಾತ್ರ ಉಳಿಯುವುದರಿಂದ ಹಾಳೆ ಎಷ್ಟು ದೊಡ್ಡದಾದರೂ ಅಷ್ಟಾಗಿ ಭಾರ ಆಗುವುದಿಲ್ಲ. ತಲೆಮಾರುಗಳನ್ನೂ ನೋಡಿಕೊಳ್ಳಿ. ಪೂರ್ವಜರ ಚಾರ್ಟ್‌ನಲ್ಲಿ 10 ತಲೆಮಾರಿಗೆ ಹೆಚ್ಚೆಂದರೆ 1,023 ಚೌಕಗಳು. 20 ಅಂತ ಕೊಟ್ಟರೆ ಹತ್ತು ಲಕ್ಷ ದಾಟುತ್ತದೆ. ನಿಮ್ಮಲ್ಲಿ ಅಷ್ಟು ಹೆಸರುಗಳಿರುವುದಿಲ್ಲ, ಸರಿ. ಆದರೆ ಸಂಬಂಧಿಕರೊಳಗೇ ಮದುವೆಗಳಾದ ಮನೆತನದಲ್ಲಿ ಒಬ್ಬರೇ ಹಲವು ದಾರಿಗಳಲ್ಲಿ ಪೂರ್ವಜರಾಗುತ್ತಾರೆ, ಅವರ ಹಿಂದಿನ ಇಡೀ ಕೊಂಬೆ ಪ್ರತಿ ಸಲವೂ ಹೊಸದಾಗಿ ಬರುತ್ತದೆ. ‘ಮತ್ತೆ ಬಂದವರನ್ನು ತೋರಿಸಬೇಡ’ ಅನ್ನುವ ಆಯ್ಕೆ ಇದ್ದರೆ ಅದಕ್ಕೆ ಟಿಕ್ ಹಾಕಿ.

ಇಲ್ಲೇ ಜಿಡಿಐ ಕಾಲಂ ಕೆಲಸಕ್ಕೆ ಬರುತ್ತದೆ. ವಿಂಡೋಸ್ ಒಂದು ಪ್ರೋಗ್ರಾಂಗೆ ಮಾಮೂಲಿಯಾಗಿ 10,000 ಜಿಡಿಐ ವಸ್ತುಗಳಷ್ಟೇ ಕೊಡುತ್ತದೆ. ಆ ಸಂಖ್ಯೆ ಮುಟ್ಟಿದರೆ ಬಟನ್‌ಗಳು ಕಪ್ಪಾಗುತ್ತವೆ, ಕಿಟಕಿ ಅರ್ಧಂಬರ್ಧ ಮೂಡುತ್ತದೆ, ಮೆಮೊರಿ ಬೇಕಾದಷ್ಟು ಇದ್ದರೂ ಸಾಲದು ಅಂತ ಬರಬಹುದು. ನನ್ನದರಲ್ಲಿ ಅದು ಕೆಲವು ನೂರುಗಳಲ್ಲೇ ಇತ್ತು, ಬಿಟ್ಟೆ.

ಪಿಡಿಎಫ್ ಆಗಿ, ಚಿತ್ರಗಳಿಲ್ಲದೆ, ಬರೀ ಹೆಸರಿನ ಚಾರ್ಟ್ ಕೇಳಿದೆ. ಆಗಲೂ ಕಮಿಟ್ ಸೈಜ್ ನಿಲ್ಲದೆ ಏರಿತು. ದೊಡ್ಡ ಕೆಲಸ ಮಾಡುವಾಗ ಮೆಮೊರಿ ಏರಿ, ಇಳಿದು, ಮತ್ತೆ ಏರುತ್ತದೆ. ಇದು ಒಂದೇ ಸಮ ಮೇಲೆ ಹೋಗುತ್ತಿತ್ತು. ಇದನ್ನು ಕಂಡ ಮೇಲೆ ನನಗೆ ಫೈಲಿನ ಒಳಗೇ ಎಲ್ಲೋ ಸುತ್ತು ಬಿದ್ದಿದೆ ಅನ್ನಿಸಿತು. ಯಾರೋ ಒಬ್ಬರು ತಮಗೆ ತಾವೇ ಪೂರ್ವಜರಾಗಿದ್ದರೆ ಸಾಫ್ಟ್‌ವೇರ್ ತಂದೆಯನ್ನು, ಅವರ ತಂದೆಯನ್ನು, ಅವರ ತಂದೆಯನ್ನು ಹುಡುಕುತ್ತಾ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಏನೂ ಹೇಳದೆ ಫಟ್ಟನೆ ಮಾಯವಾಗುವುದಕ್ಕೂ ಇದು ಒಂದು ಕಾರಣ.

ಹುಡುಕಿದ್ದು ಹೀಗೆ. ಒಂದು ಕೊಂಬೆಯನ್ನು ಮಾತ್ರ ಬೇರೆ ಜೆಡ್‌ಕಾಮ್ ಆಗಿ ತೆಗೆದು ಖಾಲಿ ಫೈಲಿನಲ್ಲಿ ತೆರೆದು ಚಾರ್ಟ್ ಕೇಳುವುದು. ಬಂದರೆ ಆ ಕೊಂಬೆ ಸರಿ ಇದೆ. ಕೆಟ್ಟರೆ ಅದನ್ನೇ ಮತ್ತೆ ಅರ್ಧ ಮಾಡುವುದು. ಕೊನೆಗೆ ಉಳಿದ ಚಿಕ್ಕ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಜೆಡ್‌ಕಾಮ್ ಬರೀ ಅಕ್ಷರಗಳ ಫೈಲ್, ಓದಲು ಬರುತ್ತದೆ. ಪ್ರತಿ ವ್ಯಕ್ತಿಯ ಕೆಳಗೆ ‘ಫ್ಯಾಮ್‌ಸಿ’ ಸಾಲಿನಲ್ಲಿ ಹುಟ್ಟಿದ ಕುಟುಂಬದ ಸಂಖ್ಯೆ, ‘ಫ್ಯಾಮ್‌ಎಸ್’ ಸಾಲಿನಲ್ಲಿ ಮದುವೆಯಾದ ಕುಟುಂಬದ ಸಂಖ್ಯೆ. ಒಬ್ಬರದೇ ದಾಖಲೆ ನೋಡಿದರೆ ತಪ್ಪು ಕಾಣುವುದಿಲ್ಲ, ಸಂಖ್ಯೆ ಹಿಡಿದು ಒಂದೆರಡು ಹೆಜ್ಜೆ ನಡೆಯಬೇಕು. ನಡೆದಾಗ ಗೊತ್ತಾಯಿತು, ಒಂದೇ ಹೆಸರಿನ ತಾತನೂ ಮೊಮ್ಮಗನೂ ಒಂದೇ ದಾಖಲೆಯಾಗಿಬಿಟ್ಟಿದ್ದರು! ಸಂಬಂಧಿಕರೊಬ್ಬರು ಕಳಿಸಿದ ಫೈಲನ್ನು ಸೇರಿಸಿಕೊಳ್ಳುವಾಗ ಸಾಫ್ಟ್‌ವೇರ್ ಹೆಸರು ಮಾತ್ರ ನೋಡಿ ಇಬ್ಬರನ್ನೂ ತಾನೇ ಬೆರೆಸಿತ್ತು. ಮಧ್ಯದಲ್ಲಿದ್ದ ಮಗ ತನ್ನ ಅಪ್ಪನಿಗೇ ಅಪ್ಪ ಆಗಿದ್ದ.

ಬಿಡಿಸುವುದು ಸುಲಭ. ಮೊಮ್ಮಗನಿಗೆ ಹೊಸ ದಾಖಲೆ ಮಾಡಿ, ಅಪ್ಪ-ಅಮ್ಮನ ಕೊಂಡಿಯನ್ನು ಹಳೆಯದರಿಂದ ಕಿತ್ತು ಇದಕ್ಕೆ ಹಾಕಿದೆ. ಇದೇ ಸಾಫ್ಟ್‌ವೇರಿನಲ್ಲಿ, ಅದೇ 2 ಜಿಬಿಯೊಳಗೆ, ಚಾರ್ಟ್ ಪೂರ್ತಿ ಬಂತು.

ನಿಮ್ಮದು ಜಾವಾದಲ್ಲಿ ಬರೆದ ಸಾಫ್ಟ್‌ವೇರ್ ಆಗಿದ್ದರೆ ಇನ್ನೊಂದು ಮಿತಿ ಇದೆ. ಬೇರೆ ಹೇಳದಿದ್ದರೆ ಜಾವಾ ಸಾಮಾನ್ಯವಾಗಿ ರ‍್ಯಾಮ್‌ನ ಕಾಲುಭಾಗವನ್ನೇ ಹೀಪ್‌ಗೆ (ಪ್ರೋಗ್ರಾಂ ತನ್ನ ಮಾಹಿತಿ ಇಟ್ಟುಕೊಳ್ಳುವ ಮೆಮೊರಿಗೆ) ಗರಿಷ್ಠ ಅಂತ ಇಟ್ಟುಕೊಳ್ಳುತ್ತದೆ. ಶುರುಮಾಡುವ ಸಾಲಿನಲ್ಲಿ ಈ ಮಿತಿಯನ್ನು ಹೇಳುವ ‘ಎಕ್ಸ್‌ಎಂಎಕ್ಸ್’ ಸಂಖ್ಯೆಯನ್ನು ಏರಿಸಬಹುದು. ಆದರೆ ಸುತ್ತು ಇದ್ದರೆ ಎಷ್ಟು ಏರಿಸಿದರೂ ಸುಮ್ನೆ ಸ್ವಲ್ಪ ತಡವಾಗಿ ಬೀಳುತ್ತದೆ, ಅಷ್ಟೇ. ಬೇರೆ ಪ್ರೋಗ್ರಾಂಗಳೂ ಕಂಡಕಂಡಲ್ಲಿ ಬೀಳುತ್ತಿದ್ದರೆ ಮಾತ್ರ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ, ಆಗ ರ‍್ಯಾಮೇ ಕೆಟ್ಟಿರಬಹುದು.

ಈಗ ಯಾರ ಫೈಲ್ ಬಂದರೂ ಮೊದಲು ಖಾಲಿ ಫೈಲಿನಲ್ಲಿ ತೆರೆದು, ತಪ್ಪು ಹುಡುಕುವ ಪರೀಕ್ಷೆ ಓಡಿಸುತ್ತೇನೆ. ಅಪ್ಪನಿಗಿಂತ ಮೊದಲು ಹುಟ್ಟಿದ ಮಗ, ನೂರಿಪ್ಪತ್ತು ದಾಟಿದ ವಯಸ್ಸು, ಇಂಥವು ಅಲ್ಲೇ ಸಿಗುತ್ತವೆ. ತಾನಾಗಿ ಬೆರೆಸುವ ಆಯ್ಕೆಯನ್ನು ಆಫ್ ಮಾಡಿದ್ದೇನೆ. ಎರಡು ದಾಖಲೆ ಒಂದು ಮಾಡಬೇಕಾದರೆ ಹುಟ್ಟಿದ ವರ್ಷ ಮತ್ತು ಅಮ್ಮನ ಹೆಸರು ಎರಡೂ ಹೊಂದಿದರೆ ಮಾತ್ರ ಮಾಡುತ್ತೇನೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಬೇರೆ ಬೇರೆಯಾಗಿಯೇ ಇರಲಿ ಅಂತ ಬಿಡುತ್ತೇನೆ.