ಟ್ರಾಫಿಕ್ ಚಾರ್ಜ್ ಎಷ್ಟಿರಬೇಕು, ಲೆಕ್ಕ ಹಾಕೂದು ಹ್ಯಾಂಗ

ಟ್ರಾಫಿಕ್ ಚಾರ್ಜ್ ಅಂದ್ರ ಗದ್ದಲ ಇರೂ ರೋಡಿಗೆ ಗಾಡಿ ತಂದವ್ರು ಕೊಡೂ ರೊಕ್ಕ. ಬೆಳಗಾವಿ ಖಡೇಬಜಾರ್‌ಗೆ ಸಂಜಿಮುಂದ ಗಾಡಿ ತಂದ್ರ ಎಷ್ಟು ಚಾರ್ಜ್ ಹಚ್ಚಬೇಕು? ಮೊದ್ಲ, ಒಂದು ತಾಸಿನಾಗ ಎಷ್ಟು ಗಾಡಿ ಬರ್ತಾವ ಅಂತ ಎಣಸ್ರಿ, 900 ಅಂತ ಇಟ್ಕೊಳ್ರಿ. ಇನ್ನೊಂದು ಗಾಡಿ ನುಗ್ಗಿ ಉಳದ ಎಲ್ಲಾರಿಗೂ ಒಂದೊಂದು ಸೆಕೆಂಡ್ ಲೇಟ್ ಆತು ಅಂದ್ರ 900 ಸೆಕೆಂಡ್, ಅಂದ್ರ ಮಂದೀದು 15 ನಿಮಿಷ ಹೋತು, ಮಂದಿ ಟೈಮಿಗೆ ತಾಸಿಗೆ 120 ರೂಪಾಯಿ ಬೆಲೆ ಹಿಡದ್ರ 30 ರೂಪಾಯಿ, ಅಷ್ಟ ಚಾರ್ಜು. ನಿಮ್ಮ ಸ್ವಂತ ಲೇಟ್ ಸೇರಿಸಬ್ಯಾಡ್ರಿ, ಅದನ್ನ ನೀವ ಅನುಭವಸ್ತೀರಲ್ಲ. ಮುಂಜಾನೆ ರೋಡ್ ಖಾಲಿ ಇದ್ದಾಗ ಚಾರ್ಜು ಸೊನ್ನೆ, ಇಡೀ ದಿನಕ್ಕ ಒಂದ ರೇಟ್ ಹಚ್ಚೂದು ಬರೇ ವಸೂಲಿ ಬಿಡ್ರಿ. ಸಿಂಗಾಪುರದಾಗ 1998ರಿಂದ ಹೊತ್ತು ನೋಡಿ ರೇಟ್ ಬದಲಾಗೂ ಎಲೆಕ್ಟ್ರಾನಿಕ್ ಪದ್ಧತಿ ಐತಿ. ಹಾಂ, ಖಡೇಬಜಾರ್‌ದಾಗ ಮಾತ್ರ ಚಾರ್ಜ್ ಹಚ್ಚಿದ್ರ ಮಂದಿ ಬಾಜೂದ ಗಣಪತ್ ಗಲ್ಲಿಗೆ ನುಗ್ತಾರ, ಅಲ್ಲೀ ಲೆಕ್ಕಾನೂ ಕೂಡೇ ಹಾಕ್ರಿ.