ಮನ್ರೋವಿಯಾದಲ್ಲಿ ಅಕ್ಕಿ ಲೆಕ್ಕ ಬರೆದ ಕಾಲ

ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಮಧ್ಯಂತರ ಸರ್ಕಾರ ಇದ್ದಾಗ ನಾನು ರಾಜಧಾನಿ ಮನ್ರೋವಿಯಾದ ಒಂದು ಅಕ್ಕಿ ಆಮದು ಕಂಪನಿಯಲ್ಲಿ ಲೆಕ್ಕ ನೋಡುತ್ತಿದ್ದೆ. 2003ರ ಆಗಸ್ಟ್‌ನಲ್ಲಿ ಒಳಯುದ್ಧದ ಕೊನೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಟೇಲರ್ ದೇಶ ಬಿಟ್ಟರು. ಅಕ್ಟೋಬರ್‌ನಲ್ಲಿ ಗ್ಯೂಡ್ ಬ್ರಯಂಟ್ ಸರ್ಕಾರದ ಚೇರ್ಮನ್ ಆದರು. ಅವರು ಯಂತ್ರೋಪಕರಣದ ವ್ಯಾಪಾರಿ. ಯುದ್ಧ ಮಾಡಿದ ಯಾವ ಬಣಕ್ಕೂ ಸೇರಿದವರಲ್ಲ, ಅದಕ್ಕೇ ಎಲ್ಲರೂ ಒಪ್ಪಿದ್ದು.

ವ್ಯಾಪಾರಿಯೇ ಬಂದರಲ್ಲ, ಇನ್ನು ನಮ್ಮ ಕೆಲಸ ಸಲೀಸು ಅಂತ ಪೇಟೆಯಲ್ಲಿ ಮಾತಿತ್ತು. ಆದರೆ ಮಂತ್ರಿ ಖಾತೆಗಳು ಯುದ್ಧ ನಿಲ್ಲಿಸಿದ ಅಕ್ರಾ ಶಾಂತಿ ಒಪ್ಪಂದದಲ್ಲೇ ಹಂಚಿಹೋಗಿದ್ದವು. ಟೇಲರ್ ವಿರುದ್ಧ ಹೋರಾಡಿದ ಎರಡು ಬಂಡಾಯ ಬಣಗಳಲ್ಲಿ ಹಣಕಾಸು ಲರ್ಡ್ ಬಣಕ್ಕೆ, ವಾಣಿಜ್ಯ ಮಾಡೆಲ್ ಬಣಕ್ಕೆ. ಆಮದು ಪರ್ಮಿಟ್ ಒಬ್ಬರ ಕೈಯಲ್ಲಿ, ಸುಂಕ ಇನ್ನೊಬ್ಬರ ಕೈಯಲ್ಲಿ. ಒಂದು ಕಚೇರಿಯ ಕಾಗದವನ್ನು ಇನ್ನೊಂದು ಕಚೇರಿ ಒಪ್ಪುತ್ತದೆ ಅಂತ ನಂಬಿ ಕೂರುವ ಹಾಗಿರಲಿಲ್ಲ. ಹಾಗಾಗಿ ಹಡಗು ಮನ್ರೋವಿಯಾದ ಬಂದರು ಫ್ರೀಪೋರ್ಟ್ ತಲುಪುವ ಮೊದಲೇ ಪ್ರತಿ ಕಾಗದದ ನಕಲು ಎರಡೂ ಕಡೆ ಕೊಟ್ಟು, ಸೀಲು ಹಾಕಿಸಿಕೊಂಡು ಬರುತ್ತಿದ್ದೆ. ಹಡಗು ಸುಮ್ನೆ ನಿಂತರೆ ಡೆಮರೇಜ್, ಅಂದರೆ ತಡಕ್ಕೆ ತೆರುವ ದಂಡ, ಏರುತ್ತದೆ. ಆ ಹೊರೆ ಕೊನೆಗೆ ಬೀಳುವುದು ಸಂತೆಯಲ್ಲಿ ಲೋಟದ ಲೆಕ್ಕದಲ್ಲಿ ಅಕ್ಕಿ ಕೊಳ್ಳುವವರ ಮೇಲೆ, ಅಲ್ವಾ?

ಅಲ್ಲಿ ಅಕ್ಕಿ ಬೆಲೆ ಹುಡುಗಾಟವಲ್ಲ. 1979ರ ಏಪ್ರಿಲ್‌ನಲ್ಲಿ ಬೆಲೆ ಏರಿಸುವ ಪ್ರಸ್ತಾಪಕ್ಕೇ ಜನ ಬೀದಿಗಿಳಿದರು, ಹತ್ತಾರು ಜನ ಸತ್ತರು. ಮರುವರ್ಷ ಸೈನಿಕರು ಅಧ್ಯಕ್ಷ ಟಾಲ್ಬರ್ಟ್ ಅವರನ್ನು ಕೊಂದು ಅಧಿಕಾರ ಹಿಡಿದರು. ಇದನ್ನು ಮರೆತವರು ಪೇಟೆಯಲ್ಲಿ ಯಾರೂ ಇರಲಿಲ್ಲ.

ನನ್ನ ಕೆಲಸದ ಜೀವಾಳ ಎರಡು ಪುಸ್ತಕ. ಖರೀದಿ, ಹಡಗು ಬಾಡಿಗೆ, ಡೀಸೆಲ್ ಎಲ್ಲ ಅಮೆರಿಕನ್ ಡಾಲರಿನಲ್ಲಿ. ಮಾರಾಟದ ಹಣ ಜಾಸ್ತಿ ಬರುತ್ತಿದ್ದುದು ಲೈಬೀರಿಯನ್ ಡಾಲರಿನಲ್ಲಿ. ಆಗ ಅಲ್ಲಿನ ಅತಿ ದೊಡ್ಡ ನೋಟು 100ರದು, ಅದರ ಬೆಲೆ ಸುಮಾರು ಎರಡು ಅಮೆರಿಕನ್ ಡಾಲರ್. ಸಂಜೆ ಹೊತ್ತಿಗೆ ಮೇಜಿನ ಮೇಲೆ ಮಾಸಿದ ನೋಟುಗಳ ಗುಡ್ಡೆ. ಊರಿಗೆ ಕರೆಂಟ್ ಇಲ್ಲ, ಜನರೇಟರ್ ಬೆಳಕಲ್ಲೇ ಎಣಿಕೆ. ಬೆಳಿಗ್ಗೆ ರಸ್ತೆಬದಿ ನೋಟು ಬದಲಿಸುವ ಮೂರ್ನಾಲ್ಕು ಜನರನ್ನು ಕೇಳಿ, ಆ ದಿನದ ದರವನ್ನು ಪುಟದ ತಲೆಯಲ್ಲಿ ಬರೆಯುತ್ತಿದ್ದೆ. ಬಂದ ಹಣವನ್ನು ಆದಷ್ಟು ಬೇಗ ಅಮೆರಿಕನ್ ಡಾಲರಿಗೆ ಬದಲಿಸುತ್ತಿದ್ದೆವು. ದರ ಕುಸಿದರೆ ಮುಂದಿನ ಹಡಗಿಗೆ ಕೊಡುವ ದುಡ್ಡೇ ಕರಗಿಹೋಗುತ್ತಿತ್ತು.

2005ರ ಸೆಪ್ಟೆಂಬರ್‌ನಲ್ಲಿ ನೆರವು ಕೊಡುವ ದೇಶ, ಸಂಸ್ಥೆಗಳ ಜೊತೆ, ಸರ್ಕಾರದ ಹಣದ ಮೇಲೆ ಕಣ್ಣಿಡುವ ಜೆಮ್ಯಾಪ್ ಒಪ್ಪಂದವಾಯಿತು. ಸೆಂಟ್ರಲ್ ಬ್ಯಾಂಕು, ಬಂದರು, ವಿಮಾನ ನಿಲ್ದಾಣದಂಥ ಕಡೆ ಹಣ ಬಿಡಲು ವಿದೇಶಿ ತಜ್ಞರ ಸಹಿಯೂ ಬೇಕು ಎಂಬ ನಿಯಮ ಬಂತು. ದೇಶದ ಸ್ವಾಭಿಮಾನಕ್ಕೆ ಪೆಟ್ಟು ಅಂತ ಹಲವರು ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಎರಡನೇ ಸಹಿ ಅಕ್ರಾ ಒಪ್ಪಂದದಲ್ಲೇ ಇರಬೇಕಿತ್ತು. ಮಂತ್ರಿ ಖಾತೆಗಳನ್ನು ಬಣಗಳಿಗೆ ಹಂಚಿಕೊಟ್ಟ ಮೇಲೆ, ಮೇಲೆ ಕೂತ ಒಬ್ಬ ವ್ಯಾಪಾರಿ ಎಷ್ಟು ಚೆಕ್ಕುಗಳನ್ನು ತಾನೇ ನೋಡಲು ಸಾಧ್ಯ?